ಕರೆಂಟ್ ಹೋದಾಗಿನ ಪ್ರಾರ್ಥನೆ

ನಮ್ಮ ಮನೆಯಲ್ಲಿ ಕುಟುಂಬ ಪ್ರಾರ್ಥನೆಯ ಹೊತ್ತನ್ನು ಗೊತ್ತುಮಾಡುತ್ತಿದ್ದವರು ನಾನೂ ಅಲ್ಲ, ನನ್ನ ಗಂಡನೂ ಅಲ್ಲ. ಕರೆಂಟಿನವರು.

ಬನಹಟ್ಟಿಯಲ್ಲಿ ನಾವು ಬಾಡಿಗೆಗಿರುವ ಮನೆಗೂ ಮಾಲಕಿಯ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಅದರಾಚೆ ನಾಲ್ಕು ಪಾವರ್‌ಲೂಮು ಸೀರೆ ನೇಯುತ್ತವೆ. ಅವು ಶುರುವಾದರೆ ನಮ್ಮ ಕಪಾಟಿನ ಗಾಜು, ಸ್ಟೀಲ್ ಡಬ್ಬಿಯ ಮುಚ್ಚಳ, ನನ್ನ ತಲೆ ಎಲ್ಲವೂ ಒಟ್ಟಿಗೆ ನಡುಗುತ್ತವೆ. ಹಗಲೆಲ್ಲ ಶಾಲೆಯಲ್ಲಿ ಮಕ್ಕಳ ಮುಂದೆ ಗಂಟಲು ಹರಿದುಕೊಂಡು ಬಂದವಳಿಗೆ ಸಂಜೆಯ ಬಹುಮಾನ ಇದು. ಬೇರೆ ಮನೆ ನೋಡೋಣ ಎಂದರೆ ನನ್ನ ಗಂಡ, "ಮಗ್ಗ ಇರಲಾರದ ಓಣಿ ಈ ಊರಾಗ ಎಲ್ಲೈತಿ ತೋರಸು, ನಾಳೆನ ಹೋಗೂಣು" ಎನ್ನುತ್ತಾರೆ. ಅವರಿಗೆ ಯಾವುದಕ್ಕೂ ಸಿಟ್ಟು ಬರುವುದಿಲ್ಲ. ಅವರ ಪಾಲಿನದನ್ನೂ ನಾನೇ ಮಾಡಿಕೊಳ್ಳಬೇಕು.

ಇಬ್ಬರು ಹೆಣ್ಣುಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿದಾಗ ಸಭೆಯ ಮುಂದೆ ನಿಂತು ಮಾತು ಕೊಟ್ಟಿದ್ದೆವು, ಇವರನ್ನು ಮನೆಯಲ್ಲಿ ನಂಬಿಕೆಯಿಂದ ಬೆಳೆಸುತ್ತೇವೆ ಎಂದು. ಮಾತು ಕೊಡುವಾಗ ಬಹಳ ಸಲೀಸು. ನಾವು ಹೋಗುವ ಚರ್ಚು ಇರುವುದು ಜಮಖಂಡಿಯಲ್ಲಿ. ಭಾನುವಾರ ಬಸ್ಸು ಹಿಡಿದು ಹೋಗಿ ಬಂದರೆ ಮುಗಿಯಿತು, ಉಳಿದ ದಿನ ಪಾಸ್ಟರು, ಸಂಡೇ ಸ್ಕೂಲಿನ ಟೀಚರು ಎಲ್ಲ ನಾವೇ. ಓಣಿಯಲ್ಲಿ ಕ್ರೈಸ್ತರದು ನಮ್ಮದೊಂದೇ ಮನೆ. ನಾವು ಕಲಿಸದಿದ್ದರೆ ಇನ್ಯಾರು ಕಲಿಸಬೇಕು?

ಮೊದಮೊದಲು ಏಳು ಗಂಟೆಗೆ ಚಾಪೆ ಹಾಸುತ್ತಿದ್ದೆ. ಗಂಡ ಸತ್ಯವೇದ ಓದುತ್ತಿದ್ದುದು ಸಂತೆಯಲ್ಲಿ ಬದನೆಕಾಯಿ ಮಾರುವವರ ದನಿಯಲ್ಲಿ. ಆದರೂ ದೊಡ್ಡವಳು ಪ್ರತಿ ಸಾಲಿಗೂ "ಏನಂದ್ರಿ ಪಪ್ಪಾ?" ಎನ್ನುವಳು. ಆರು ವರ್ಷದ ಚಿಕ್ಕವಳು ಮಗ್ಗದ ಬಡಿತಕ್ಕೆ ಸರಿಯಾಗಿ ತಲೆ ಆಡಿಸುತ್ತ ಕೂತಿರುವಳು. ಸಿಟ್ಟಿನಲ್ಲೇ ಆಮೆನ್ ಹೇಳಿ ನಾನು ಎದ್ದ ದಿನಗಳೇ ಹೆಚ್ಚು.

ಉಪಾಯ ಹೊಳೆದದ್ದೂ ನನಗೇ. ಸಂಜೆ ಒಮ್ಮೆಯಾದರೂ ಕರೆಂಟ್ ಹೋಗುತ್ತಿತ್ತು. ಹೋದರೆ ಮಗ್ಗ ನಿಲ್ಲುತ್ತಿದ್ದವು, ಟಿವಿಯೂ ಬಾಯಿ ಮುಚ್ಚುತ್ತಿತ್ತು. ಅದನ್ನೇ ಪ್ರಾರ್ಥನೆಯ ಹೊತ್ತು ಮಾಡಿಬಿಟ್ಟೆ. ಅನ್ನ ಅರ್ಧ ಬೆಂದಿರಲಿ, ಲೆಕ್ಕ ಅರ್ಧ ಬಿಡಿಸಿರಲಿ, "ಕರೆಂಟ್ ಹೋತು, ಬರ್ರಿ" ಎಂದು ಕೂಗಿದರೆ ಸಾಕು, ಇಬ್ಬರೂ ಓಡಿಬಂದು ಚಾಪೆ ಹಿಡಿಯುತ್ತಿದ್ದರು. ಚಾರ್ಜಿಂಗ್ ಲೈಟಿನ ಮುಂದೆ ಕೀರ್ತನೆ, ವಾಕ್ಯ, ಕೊನೆಗೆ ಒಬ್ಬೊಬ್ಬರದೂ ಪ್ರಾರ್ಥನೆ. ಚಿಕ್ಕವಳು ಮಾಲಕಿಯ ಆಡಿನ ಮರಿಯನ್ನೂ ಬಿಡದೆ ಎಲ್ಲರಿಗಾಗಿ ಬೇಡಿಕೊಳ್ಳುತ್ತಿದ್ದಳು. ನಾನು ಜಮಖಂಡಿಗೆ ಹೋದಾಗ ಪಾಸ್ಟರಮ್ಮನ ಮುಂದೆ ಇದನ್ನೆಲ್ಲ ಕೊಚ್ಚಿಕೊಂಡೂ ಬಂದೆ.

ಇದರಿಂದ ಚಿಕ್ಕವಳು ತನ್ನ ತಲೆಯಲ್ಲಿ ಏನು ಕಟ್ಟಿಕೊಂಡಿದ್ದಾಳೆ ಎಂದು ಯಾರಿಗೆ ಗೊತ್ತಿತ್ತು? ಅದು ಬಯಲಾದದ್ದು ಮಾಲಕಿಯ ಬಾಯಿಂದ. ಈಕೆಯನ್ನು ನನ್ನ ಮಕ್ಕಳು ಆಯಿ ಎನ್ನುತ್ತಾರೆ, ಟೀಚರಾದ ನನ್ನನ್ನು ಈಕೆ ಬಾಯಾರು ಎನ್ನುತ್ತಾಳೆ. ವಯಸ್ಸಾದರೂ ಶೆಡ್ಡಿನ ಮೂಲೆಯಲ್ಲಿ ಕೂತು ಲಾಳಿಗೆ ಹಾಕುವ ನೂಲು ಸುತ್ತುತ್ತಲೇ ಇರುತ್ತಾಳೆ, ಚಿಕ್ಕವಳು ಅವಳ ಮಗ್ಗುಲಲ್ಲೇ ಇರುತ್ತಾಳೆ. ಒಂದು ಸಂಜೆ ಕರೆಂಟ್ ಹೋಗಿ ಬಹಳ ಹೊತ್ತು ಬರಲಿಲ್ಲ. ನಾವು ಪ್ರಾರ್ಥನೆ ಮುಗಿಸುವುದರೊಳಗೆ ಆಯಿ ಬಾಗಿಲಿಗೆ ಬಂದಳು.

"ಅಲ್ರಿ ಬಾಯಾರ, ನಿಮ್ಮ ದೇವರಿಗೆ ನಮ್ಮ ಮಗ್ಗದ ಮ್ಯಾಲ ಯಾಕ್ರಿ ಸಿಟ್ಟು? ನಿಮ್ಮ ಸಣ್ಣಾಕಿ ಹೇಳಿದ್ಲು, ನೀವು ಪ್ರಾರ್ಥನಾ ಮಾಡೂದು ಕೇಳಸ್ಲಿ ಅಂತ ಯೇಸಪ್ಪನ ಕರೆಂಟ್ ತಗೀತಾನಂತ. ನಾಳೆ ಮುಂಜಾನಿ ಸಾವಕಾರಗ ಸೀರಿ ಮುಟ್ಟಸಬೇಕ್ರಿ. ಮಗ್ಗ ನಿಂತರ ನಮ್ಮ ಹೊಟ್ಟಿ ನಡಿಯೂದು ಹೆಂಗ?"

ಅವಳು ಅರ್ಧ ನಗುತ್ತಲೇ ಹೇಳಿದ್ದು. ಆದರೆ ಚಿಕ್ಕವಳು ನಗಲಿಲ್ಲ. ನನ್ನ ಮುಖ ನೋಡಿದಳು, ಆಯಿಯ ಮುಖ ನೋಡಿದಳು, ಮುಗಿದ ಕೈ ಬಿಡಿಸಿಕೊಂಡು ಎದ್ದುಹೋದಳು.

ಅಲ್ಲಿಂದ ಮುಂದೆ ನನ್ನ ಮಗಳು ಪ್ರಾರ್ಥನೆಯನ್ನೇ ಬಿಟ್ಟಳು.

"ನಾ ಮಾಡಂಗಿಲ್ಲ. ನಾ ಮಾಡಿದ್ರ ಆಯಿ ಮಗ್ಗ ನಿಂದರತಾವು" ಎಂದು ಒಂದೇ ಹಟ. ಊಟಕ್ಕೆ ಮೊದಲಿನ ಎರಡು ಮಾತಿನ ಪ್ರಾರ್ಥನೆಗೂ ತುಟಿ ಬಿಚ್ಚಳು. ಮಲಗುವಾಗ ಹಣೆಯ ಮೇಲೆ ಕೈಯಿಟ್ಟು ನಾನು ಪ್ರಾರ್ಥಿಸಹೋದರೆ ಹೊದಿಕೆ ತಲೆಯ ಮೇಲೆ ಎಳೆದುಕೊಳ್ಳುವಳು. ಅವಳಪ್ಪ ಸಮಾಧಾನವಾಗಿ, ದೇವರು ಹಾಗೆ ಮಾಡುವವನಲ್ಲ, ಅವನಿಗೆ ಎಂಥ ಗದ್ದಲದಲ್ಲೂ ಕೇಳುತ್ತದೆ ಎಂದರು. "ಮತ್ತ ನಾವು ಕರೆಂಟ್ ಹೋಗೂತನಾ ಯಾಕ ಕಾಯ್ತಿದ್ವಿ?" ಎಂದಳು. ಅವರು ನನ್ನ ಕಡೆ ನೋಡಿದರು. ನೋಡುವುದೊಂದು ಬರುತ್ತದೆ ಅವರಿಗೆ! ದೊಡ್ಡವಳು ತಾನು ಶಾಲೆಯಲ್ಲಿ ಕಲಿತ ವಿದ್ಯುತ್ತಿನ ಪಾಠವನ್ನೆಲ್ಲ ತಂಗಿಗೆ ಒಪ್ಪಿಸಿದಳು. ಆ ಪಾಠ ಮುಗಿಯುವ ಮೊದಲೇ ಕರೆಂಟ್ ಹೋಯಿತು. ಚಿಕ್ಕವಳು ಓಡಿಹೋಗಿ ಬಚ್ಚಲ ಬಾಗಿಲು ಹಾಕಿಕೊಂಡಳು.

ಜಮಖಂಡಿಯ ಚರ್ಚಿನಲ್ಲೂ ಅದೇ. ಎಲ್ಲ ಮಕ್ಕಳೂ ಮುಂದೆ ನಿಂತು ವಾಕ್ಯ ಒಪ್ಪಿಸುವಾಗ ನನ್ನವಳು ಬಾಯಿಗೆ ಹೊಲಿಗೆ ಹಾಕಿದವಳಂತೆ ನಿಂತಿದ್ದಳು. "ಏನಾತ್ರಿ ಇಕಿಗೆ?" ಎಂದು ಪಾಸ್ಟರಮ್ಮ ಕೇಳಿದಾಗ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು. ಬಸ್ಸಿನಲ್ಲಿ ಬರುವಾಗ ಅವಳನ್ನು ಬೈದೆ. ಬೈದು ಯಾರಿಗಾದರೂ ದೇವರ ಮೇಲೆ ಪ್ರೀತಿ ಬರಿಸಲಾಗುತ್ತದೆಯೇ? ಅದು ಗೊತ್ತಿದ್ದೇ ಬೈದೆ. ಹೆದರಿಕೆಯಾಗಿತ್ತು ನನಗೆ. ಇಷ್ಟು ಚಿಕ್ಕವಳು ಈಗಲೇ ಬಾಯಿ ಮುಚ್ಚಿದರೆ ಮುಂದೆ ಯಾವಾಗ ತೆರೆದಾಳು? ನಾವು ಕೊಟ್ಟ ಮಾತು ನಮ್ಮ ಕಣ್ಣೆದುರೇ ಕೈಜಾರುತ್ತಿತ್ತು.

ಮರುದಿನ ಸಂಜೆ ಮಗ್ಗಗಳು ನಾಲ್ಕೂ ಜೋರಾಗಿ ಬಡಿಯುತ್ತಿದ್ದಾಗಲೇ ಚಾಪೆ ಹಾಸಿದೆ. ಓದುವುದು ಬೇಡ, ಹಾಡುವುದೂ ಬೇಡ, ಒಬ್ಬೊಬ್ಬರು ಪಕ್ಕದವರ ಕಿವಿಯಲ್ಲಿ ಬಾಯಿಟ್ಟು ಪ್ರಾರ್ಥಿಸಿದರೆ ಸಾಕು ಎಂದೆ. ದೊಡ್ಡವಳು ಅಪ್ಪನ ಕಿವಿಯಲ್ಲಿ, ಅವರು ಚಿಕ್ಕವಳ ಕಿವಿಯಲ್ಲಿ. ಇನ್ನುಳಿದದ್ದು ಚಿಕ್ಕವಳು ಮತ್ತು ನನ್ನ ಕಿವಿ. ಅವಳು ಗೋಡೆಯ ಕಡೆ ನೋಡಿದಳು. ಮಗ್ಗ ನಡೆದೇ ಇದ್ದವು. ಆಮೇಲೆ ನನ್ನ ಕತ್ತು ಹಿಡಿದೆಳೆದು, ಕಿವಿ ತೂತಾಗುವಂತೆ ಒದರತೊಡಗಿದಳು.

"ಯೇಸಪ್ಪಾ, ಆಯಿ ಮಗ್ಗ ನಿಂದರಸಬ್ಯಾಡ. ನಾ ಹೇಳೂದು ನಿನಗ ಕೇಳಸಲಿಲ್ಲಂದ್ರ ನಮ್ಮವ್ವಗ ಹೇಳಾಕತ್ತೇನಿ..."

ಅಲ್ಲಿಗೆ ಕರೆಂಟ್ ಹೋಯಿತು. ಮಗ್ಗ ಗಕ್ಕನೆ ನಿಂತವು. ಆದರೆ ಅವಳ ಬಾಯಿ ನಿಲ್ಲಲಿಲ್ಲ.

"...ನಮ್ಮವ್ವ ಒದರಿದ್ರ ಮಗ್ಗದ ಸಪ್ಪಳದಾಗೂ ಕೇಳತೈತಿ!"

ಆ ನಿಶ್ಶಬ್ದದಲ್ಲಿ ಅದು ಓಣಿಯ ತುದಿಗೂ ಕೇಳಿರಬೇಕು. ಕತ್ತಲಲ್ಲಿ ಚಿಕ್ಕವಳು ನನ್ನ ಕತ್ತು ಬಿಟ್ಟು ಬಿಕ್ಕತೊಡಗಿದಳು. ನನಗೆ ಆ ಗಳಿಗೆಯಲ್ಲಿ ಕರೆಂಟಿನವರ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯುವಂತಿಲ್ಲ. ಅಷ್ಟರಲ್ಲಿ ಗೋಡೆಯಾಚೆಯಿಂದ ಆಯಿಯ ನಗು ಕೇಳಿಸಿತು.

"ಹಂಗಾರ ಒದರ್ರಿ ಬಾಯಾರ! ಸಾಲ್ಯಾಗ ಒದರತೀರಲ್ಲ, ಇಲ್ಲೂ ಒದರ್ರಿ!"

ನಾನು ಒದರಿದೆ. ದಿನಾ ಸಂಜೆ ಕರೆಂಟ್ ಹೋಗುವುದನ್ನೇ ಕಾಯುತ್ತಿದ್ದವಳು, ಕಣ್ಣು ಮುಚ್ಚಿ, ಗಂಟಲು ಬಿರಿಯುವ ಹಾಗೆ, ಆಯಿಯ ಮಗ್ಗ ನಡೆಯಲಿ, ಕರೆಂಟ್ ಕೊಡಿಸಪ್ಪಾ ದೇವರೇ ಎಂದು ಕೂಗಿದೆ.

ಕರೆಂಟ್ ಬಂದದ್ದು ಊಟ ಮುಗಿದು ಪಾತ್ರೆ ತೊಳೆದ ಮೇಲೆ. ಆದರೆ ನಾನು ಕೂಗಿ ಮುಗಿಸಿದ ಕೂಡಲೇ, ನನ್ನ ಮಗ್ಗುಲಿಂದ, ಎಲ್ಲರಿಗಿಂತ ಮೊದಲು, ಚಿಕ್ಕವಳು ಆಮೆನ್ ಅಂದಿದ್ದಳು.