ರೇಷ್ಮೆ ಸುತ್ತಿದ ಮೊಟ್ಟೆ

ಬೇಯುವ ರೇಷ್ಮೆಗೂಡಿನ ವಾಸನೆ ಎಂದರೆ ಸತ್ತ ಹುಳುವಿನ ವಾಸನೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಕಳೆದ ವಾರ ರಾಮನಗರದಲ್ಲಿ ಅದು ಬಸ್ಸಿನ ಕಿಟಕಿಯಿಂದ ಒಳಬಂದಾಗ ನನಗೆ ಪಾಸ್ಕ ಹಬ್ಬದ ಹಿಂದಿನ ಮಧ್ಯಾಹ್ನಗಳ ನಮ್ಮ ಹಿತ್ತಲು ಕಂಡಿತು. ಈಸ್ಟರನ್ನು ನಮ್ಮ ಮನೆಯಲ್ಲಿ ಪಾಸ್ಕ ಎನ್ನುತ್ತಿದ್ದೆವು. ಮೊಟ್ಟೆಗೆ ಬಣ್ಣ ಹಚ್ಚಲು ಅವ್ವ ಬಿಡುತ್ತಿರಲಿಲ್ಲ. ಮಕ್ಕಳು ತಿನ್ನುವ ಮೊಟ್ಟೆ, ಬಣ್ಣ ಸಿಪ್ಪೆಯೊಳಗೆ ಇಳಿಯುತ್ತದೆ ಎಂಬುದು ಅವಳ ಭಯ. ಅದಕ್ಕೇ ಬೇಯಿಸಿದ ಮೊಟ್ಟೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಪಕ್ಕದ ಮನೆಯ ಮುನೀರಕ್ಕನ ಬಳಿ ಹೋಗುತ್ತಿದ್ದೆವು. ಅವಳದು ನೂಲು ತೆಗೆಯುವ ಮನೆ. ಕುದಿಯುವ ಬಾಣಲೆಯಲ್ಲಿ ಹೊರಳುವ ಗೂಡುಗಳಿಂದ ಎಳೆ ಹಿಡಿದು ಅವಳು ಮೊಟ್ಟೆಯನ್ನು ಬೆರಳಲ್ಲೇ ತಿರುಗಿಸುತ್ತಿದ್ದಳು, ಹಸಿ ನೂಲು ಸುತ್ತಿಕೊಳ್ಳುತ್ತಿತ್ತು. ಅಂಟು ಬೇಕಿರಲಿಲ್ಲ. ನೂಲಿನ ಗೋಂದೇ ಒಣಗಿ ಗಟ್ಟಿಯಾಗುತ್ತಿತ್ತು. ಸಂಜೆಯ ಹೊತ್ತಿಗೆ ಮೊಟ್ಟೆಗಳೆಲ್ಲ ಹೊಂಬಣ್ಣದ ದೊಡ್ಡ ಗೂಡುಗಳಂತೆ ಮಿನುಗುತ್ತಿದ್ದವು.

ಒಂದು ವರ್ಷದ ಮಾತು, ನನ್ನ ತಂಗಿ ಜೆಸ್ಸಿ ಇನ್ನೂ ಶಾಲೆಗೆ ಸೇರಿರಲಿಲ್ಲ. ಕೊನೆಯದಾಗಿ ಅವಳು ಲಂಗದ ಮಡಿಲಿನಿಂದ ಒಂದು ಮೊಟ್ಟೆ ತೆಗೆದು ಕೊಟ್ಟಳು. "ಇದ್ಕೆ ಒಸಿ ಜಾಸ್ತಿ ಸುತ್ತಕ್ಕ."

"ಯಾಕಮ್ಮೀ, ಮೊಟ್ಟೆಗೇನು ಮದ್ವೇನಾ? ಈಟೊಂದು ರೇಷ್ಮೆ!" ಎಂದು ನಗುತ್ತಲೇ ಮುನೀರಕ್ಕ ಪದರದ ಮೇಲೆ ಪದರ ಸುತ್ತಿದಳು.

ಮಾರನೆಯ ಬೆಳಿಗ್ಗೆ ಚರ್ಚಿನಲ್ಲಿ ಪಾಸ್ಕದ ಪೂಜೆ ಮುಗಿಸಿ ಬಂದಾಗ ಕಾವು ಕೂತಿದ್ದ ಕೋಳಿಯ ಬುಟ್ಟಿಯಿಂದ ಕೀಚಲು ದನಿ ಬರುತ್ತಿತ್ತು. ಜೆಸ್ಸಿ ಕುಣಿದಳು. ಕಾವಿನ ಮೊಟ್ಟೆಗಳಲ್ಲೊಂದನ್ನು ಅವಳೇ ಎತ್ತಿಕೊಂಡು ಹೋಗಿ, ರೇಷ್ಮೆ ಸುತ್ತಿಸಿ, ಮತ್ತೆ ಕೋಳಿಯ ಕೆಳಗಿಟ್ಟಿದ್ದಳು. ಸತ್ತ ಮೂರನೆಯ ದಿನ ಸಮಾಧಿಯ ಕಲ್ಲು ಉರುಳಿ ಯೇಸು ಹೊರಬಂದ ಕತೆಯನ್ನು ಅವ್ವ ಆ ವಾರವೆಲ್ಲ ಹೇಳಿದ್ದಳು. ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುವುದನ್ನು ಜೆಸ್ಸಿ ಪಕ್ಕದ ಮನೆಯಲ್ಲೇ ಕಂಡಿದ್ದಳು. "ನಂದೂ ಹಂಗೇ ಬತ್ತದೆ ಕಣಣ್ಣ, ಪಾಸ್ಕದ ದಿನಾನೇ ಬತ್ತದೆ," ಎಂದು ಆ ಮೊಟ್ಟೆಯನ್ನು ಕಿವಿಗೆ ಹಿಡಿದುಕೊಂಡಳು. ಒಳಗೆ ಟಕ್ ಟಕ್ ಎನ್ನುತ್ತಿತ್ತು.

ಬಿಡಿಸೋಣವೇ ಎಂದು ನಾನು ಕೇಳಿದೆ. "ಮುಟ್ಬೇಡ. ಮರಿ ತಾನಾಗೇ ಬರ್ಬೇಕು. ನಾವು ಕೈ ಹಾಕುದ್ರೆ ಸತ್ತೋಯ್ತದೆ," ಎಂದಳು ಅವ್ವ. ಕೋಳಿ ಸಾಕಿದವರೆಲ್ಲ ಹೇಳುವ ಮಾತು ಅದು, ಸುಳ್ಳೂ ಅಲ್ಲ. ಉಳಿದ ಮೊಟ್ಟೆಗಳು ಒಂದೊಂದಾಗಿ ಒಡೆದು ಮರಿಗಳು ತಾಯಿಯ ಕೆಳಗೆ ನುಸುಳಿದವು. ಜೆಸ್ಸಿ ತಿಂಡಿಗೂ ಏಳಲಿಲ್ಲ. ಬಿಸಿಲು ಏರುತ್ತಾ ಟಕ್ ಟಕ್ ವಿರಳವಾಯಿತು. ಆಮೇಲೆ ಕೇಳಿಸಲೇ ಇಲ್ಲ.

ನೆಂಟರ ಮನೆಗೆ ಹೋಗಿದ್ದ ಮುನೀರಕ್ಕ ಮಧ್ಯಾಹ್ನ ಬಂದವಳು ವಿಷಯ ಕೇಳಿ ಓಡಿಹೋಗಿ ಕತ್ತರಿ ತಂದಳು. ಸಿಪ್ಪೆ ಕೊಕ್ಕಿನ ಹತ್ತಿರ ಒಡೆದಿತ್ತು, ರೇಷ್ಮೆ ಒಡೆದಿರಲಿಲ್ಲ. ಮರಿ ಒದ್ದೆಯಾಗಿ, ಕತ್ತು ಮಡಚಿಕೊಂಡು ಮಲಗಿತ್ತು. "ಚಿಟ್ಟೆ ಬಾಯಲ್ಲಿ ನೀರು ಬುಟ್ಟು ನೂಲ ನೆನಸ್ಕೊಂಡು ಬತ್ತದೆ ಕೂಸೇ. ಇದ್ರ ಬಾಯಲ್ಲಿ ಆ ನೀರಿಲ್ಲ. ಬೇಯ್ಸಿರೋದು ಅನ್ಕೊಂಡ್ನಲ್ಲೇ ನಾನು," ಎಂದು ಅವಳು ಅಲ್ಲೇ ನೆಲದ ಮೇಲೆ ಕೂತಳು. ಅವ್ವ ಅವಳನ್ನೂ ಬೈಯಲಿಲ್ಲ, ಜೆಸ್ಸಿಯನ್ನೂ ಬೈಯಲಿಲ್ಲ. ಕರಿಬೇವಿನ ಗಿಡದ ಬುಡದಲ್ಲಿ ಗುಂಡಿ ತೋಡಿ ಮರಿಯನ್ನು ರೇಷ್ಮೆಯ ಸಮೇತ ಇಟ್ಟೆವು.

ನಾವು ಮೊಟ್ಟೆಗೆ ನೂಲು ಸುತ್ತಿಸಿದ್ದು ಅದೇ ಕೊನೆ. ಮರುವರ್ಷ ಅವ್ವ ಮೊಟ್ಟೆ ಬೇಯಿಸಲಿಲ್ಲ, ಮುನೀರಕ್ಕನೂ ಕೇಳಲಿಲ್ಲ. ಈಗ ಅವ್ವ ಇಲ್ಲ. ಹಿತ್ತಲಿದ್ದ ಜಾಗದಲ್ಲಿ ಟೈಲ್ಸ್ ಗೋಡೌನ್ ಇದೆ. ಬಾಣಲೆಯ ಒಲೆ ಆರಿಸಿ ಊರು ಬಿಟ್ಟುಹೋದ ಮುನೀರಕ್ಕನ ಮನೆಯವರು ಎಲ್ಲಿದ್ದಾರೋ, ಬೀದಿಯಲ್ಲಿ ವಿಚಾರಿಸಿದರೆ ಹೇಳುವವರಿಲ್ಲ. ಜೆಸ್ಸಿಯ ಮಕ್ಕಳು ಮೊಟ್ಟೆಯ ಮೇಲೆ ಸ್ಟಿಕರ್ ಅಂಟಿಸುತ್ತಾರೆ. ಆಗ ಅವಳು ಎದ್ದು ಒಳಗೆ ಹೋಗುತ್ತಾಳೆ.

ಅವಳಿಗೆ ಎಷ್ಟು ನೆನಪಿದೆಯೋ ನಾನು ಕೇಳಿಲ್ಲ. ಮರಿಯನ್ನು ಹೂತದ್ದು ಪಾಸ್ಕದ ಭಾನುವಾರ. ಮಂಗಳವಾರ ಬೆಳಿಗ್ಗೆ ನಾನು ಎದ್ದು ಹೋದಾಗ ಜೆಸ್ಸಿ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಗುಂಡಿ ತೆರೆದಿತ್ತು. ರೇಷ್ಮೆಯ ತುಂಬ ಕಟ್ಟಿರುವೆಗಳು ಓಡಾಡುತ್ತಿದ್ದವು. "ಇವತ್ತಿಗೆ ಮೂರು ದಿನ ಆಯ್ತಲ್ವಾ ಅವ್ವ?" ಎಂದಳು. ಬಾಗಿಲಲ್ಲಿ ನಿಂತಿದ್ದ ಅವ್ವ ಒಳಗೆ ಹೋಗಿ ನೀರು ತಂದಳು. ಹತ್ತಿರ ಬಂದು ಅವಳ ಕೈಗಳನ್ನು ಚೊಂಬಿನ ನೀರಿನಲ್ಲಿ ಒಂದೊಂದೇ ಬೆರಳಾಗಿ ತೊಳೆದಳು, ಮಣ್ಣೆಲ್ಲ ಹೋದ ಮೇಲೂ ತೊಳೆಯುತ್ತಲೇ ಇದ್ದಳು.