ಬೋಲ್ಟಿಗೆಷ್ಟು ಹೊಗೆ

ಮಲಕಪ್ಪ ಹುಕ್ಕೇರಿ ಕಡೆಯವರು. ಮರಾಠಿ ನಾಡಿನ ಕೈಗಾರಿಕಾ ಊರು ಭೋಸರಿಯಲ್ಲಿ ಬೋಲ್ಟು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದಾರೆ. ಇನ್‌ವಾಯ್ಸಿನಲ್ಲಿ ಒಂದು ಅಕ್ಷರ ತಪ್ಪಿದರೂ ಮಾಲು ಬಂದರಿನಲ್ಲೇ ಕೂರುತ್ತದೆ. ಅವರ ಕಾಲದಲ್ಲಿ ಹಾಗೆ ಕೂತದ್ದು ಒಂದೇ ಸಲ, ಅದೂ ಕಾಮಾಲೆಯಾಗಿ ಅವರು ರಜೆಯಲ್ಲಿದ್ದಾಗ.

ಕಾರ್ಖಾನೆ ಧಾರವಾಡದ ರಾಘಣ್ಣನವರದು. ಒಂಬತ್ತು ಮಷೀನು, ಇಪ್ಪತ್ತಾರು ಜನ. ಮಾಲಿನ ಮೂರರಲ್ಲೊಂದು ಪಾಲು ಇಟಲಿಯ ಒಬ್ಬ ವ್ಯಾಪಾರಿಗೆ ಹೋಗುತ್ತಿತ್ತು. ಅಲ್ಲಿ ಅದು ಉಳುವ ಯಂತ್ರಗಳಿಗೆ ಸೇರುತ್ತಿತ್ತಂತೆ.

೨೦೨೪ರ ಬೇಸಿಗೆಯಲ್ಲಿ ಆ ವ್ಯಾಪಾರಿಯಿಂದ ಒಂದು ಮೇಲ್ ಬಂತು. ಯುರೋಪಿನವರು ಹೊಸ ನಿಯಮ ಮಾಡಿದ್ದಾರೆ. ಹೊರದೇಶದಿಂದ ಬರುವ ಕಬ್ಬಿಣದ ಸಾಮಾನು ತಯಾರಾಗುವಾಗ ಎಷ್ಟು ಹೊಗೆ ಗಾಳಿಗೆ ಸೇರಿತು ಎಂದು ತಿಳಿಸಬೇಕು. ೨೦೨೬ರಿಂದ ಆ ಹೊಗೆಗೆ ತರಿಸಿಕೊಳ್ಳುವವರು ಸುಂಕ ತೆರಬೇಕಾಗುತ್ತದೆ. ಅಲ್ಲಿನ ಕಾರ್ಖಾನೆಗಳು ತಮ್ಮ ಹೊಗೆಗೆ ತೆರುತ್ತಿವೆ, ಹೊರಗಿನವರಿಗೂ ಅದೇ ನ್ಯಾಯ ಎಂಬುದು ಅದರ ತಾತ್ಪರ್ಯ.

ಮಲಕಪ್ಪನವರಿಗೆ ಅದು ತಪ್ಪೆಂದು ಅನಿಸಲಿಲ್ಲ. ಇಷ್ಟು ವರ್ಷ ಭೋಸರಿಯ ಗಾಳಿ ಕುಡಿದವರಿಗೆ ಹೊಗೆ ಕಡಿಮೆಯಾಗಲಿ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮೇಲ್ ಜೊತೆ ಬಂದ, ಕಬ್ಬಿಣದ ಕುಲುಮೆಯಿಂದ ಕರೆಂಟಿನ ತನಕ ಎಲ್ಲದರ ಲೆಕ್ಕ ಕೇಳುವ ಫಾರ್ಮು ನೋಡಿ ಅವರು ಕನ್ನಡಕ ತೆಗೆದಿಟ್ಟು ಕಣ್ಣು ಒರೆಸಿಕೊಂಡರು. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಒಂದು ಕಚೇರಿ ಇರುತ್ತದೆ. ಇಲ್ಲಿ ಎಣ್ಣೆ ವಾಸನೆಯ ಪ್ಯಾಕಿಂಗ್ ವಿಭಾಗದ ಮೂಲೆಯಲ್ಲಿ ಮಲಕಪ್ಪ ಒಬ್ಬರೇ.

ಮೊದಲು ಹೋದದ್ದು ಕಬ್ಬಿಣದ ಸರಳು ಪೂರೈಸುವ ಪ್ರಲ್ಹಾದನ ಗೋದಾಮಿಗೆ. ಆತ ಮರಾಠಿಯಲ್ಲೇ ನಕ್ಕ. "ಕಾಯ್ ಮಲಕಪ್ಪಾ, ಲೋಖಂಡಾಚಾ ಧೂರ್ ಮೋಜಾಯಚಾ ಕಾ ಆತಾ?" ಕಬ್ಬಿಣದ ಹೊಗೆ ಅಳೆಯುವ ಕಾಲ ಬಂತೇ ಎಂದು ಅವನ ಬೆರಗು. ಅವನ ಮಾಲು ಒಮ್ಮೆ ಜಾಲನಾದಿಂದ ಬರುತ್ತಿತ್ತು, ಒಮ್ಮೆ ರಾಯಪುರದಿಂದ, ಎಲ್ಲ ಒಂದೇ ರಾಶಿ. ಯಾವ ಸರಳು ಯಾವ ಕುಲುಮೆಯದೆಂದು ಅವನಿಗೇ ಗೊತ್ತಿರಲಿಲ್ಲ. ಬೋಲ್ಟು ಕಾಯಿಸಿ ಗಟ್ಟಿ ಮಾಡಿಕೊಡುವ ಪಕ್ಕದ ಓಣಿಯವರದೂ ಅದೇ ಕಥೆ. ಒಂದೇ ಒಲೆಯಲ್ಲಿ ಇಪ್ಪತ್ತು ಗಿರಾಕಿಗಳ ಮಾಲು ಬೇಯುವಾಗ ಯಾರ ಪಾಲಿಗೆ ಎಷ್ಟು ಗ್ಯಾಸು ಎಂದು ಹೇಳುವುದು ಹೇಗೆ? ಮಲಕಪ್ಪ ಆರು ಸಲ ಅಲೆದ ಮೇಲೆ ಒಲೆಯವರು ಒಂದು ಅಂದಾಜು ಬರೆದುಕೊಟ್ಟರು. ಮಲಕಪ್ಪನವರ ಕೈಗೆ ಸಿಕ್ಕ ಗಟ್ಟಿ ಸಂಗತಿ ಸ್ವಂತ ಕಾರ್ಖಾನೆಯ ಕರೆಂಟು ಮಾತ್ರ. ನಾಲ್ಕು ತಿಂಗಳು ದಿನಕ್ಕೆರಡು ಸಲ ಮೀಟರಿನ ಮುಂದೆ ನಿಂತು ಬರೆದುಕೊಂಡರು.

ಮರುವರ್ಷದ ಫೆಬ್ರವರಿಯಲ್ಲಿ ರಾಘಣ್ಣ ವಿಮಾನ ನಗರ ಬಡಾವಣೆಯಿಂದ ಒಬ್ಬ ಸಲಹೆಗಾರನನ್ನು ಕರೆಸಿದರು. ಆತ ಲ್ಯಾಪ್‌ಟಾಪು ತೆರೆದು, ಇನ್ನೊಂದು ಕಾರ್ಖಾನೆಯ ಅಂಕಿಗಳನ್ನೇ ಸ್ವಲ್ಪ ತಿದ್ದಿ ಹಾಕೋಣ, ಹತ್ತು ನಿಮಿಷದ ಕೆಲಸ ಎಂದ. ಫಾರ್ಮಿನ ಕೆಳಗೆ "ಇದು ಸತ್ಯ" ಎಂದು ಅದನ್ನು ತಯಾರಿಸಿದವರ ಸಹಿ ಬೇಕಿತ್ತು. ತಯಾರಿಸಿದವರು ಮಲಕಪ್ಪ.

"ಎಲ್ಲಾರೂ ಹಿಂಗ ಮಾಡ್ಲಿಕ್ಕತ್ತಾರ ಮಲಕಪ್ಪ," ಎಂದರು ರಾಘಣ್ಣ.

"ಮಾಡ್ಲಿರಿ ಸಾವ್ಕಾರ್ರ. ಇಷ್ಟ ವರ್ಷ ನಾ ಇಲ್ಲಿ ಬರದ ತೂಕ ಅಲ್ಲಿ ತಕ್ಕಡ್ಯಾಗ ಬಂದೈತಿ. ಈ ಕಬ್ಬಣ ಎಲ್ಲಿ ಹುಟ್ಟೈತಿ ಅನ್ನೂದ ನನಗ ಗೊತ್ತಿಲ್ಲ. ಹೆಂಗ ಸೈ ಮಾಡ್ಲಿ?"

"ಗೊತ್ತಿಲ್ಲ ಅಂತ ಬರದ್ರ ಆರ್ಡರು ಹೋಗ್ತದ."

"ಹೋಗಬಹುದ್ರಿ."

ರಾಘಣ್ಣ ಆ ಲ್ಯಾಪ್‌ಟಾಪನ್ನು ಮುಚ್ಚಿದರು. ಆಮೇಲೆ ಸಲಹೆಗಾರನಿಗೆ ಚಹಾ ಕುಡಿದು ಹೋಗಲು ಹೇಳಿದರು. ಮಲಕಪ್ಪನವರನ್ನು ಬೈಯಲೂ ಇಲ್ಲ, ಹೊಗಳಲೂ ಇಲ್ಲ.

ಕರೆಂಟಿನ ಅಂಕಿ ಯೂನಿಟ್ಟಿನ ಸಮೇತ, ಒಲೆಯದು ಅಂದಾಜು ಎಂಬ ಟಿಪ್ಪಣಿಯೊಂದಿಗೆ, ಕಬ್ಬಿಣದ ಕಾಲಂನಲ್ಲಿ "ಮಾಹಿತಿ ಸಿಕ್ಕಿಲ್ಲ". ಹೀಗೆ ಫಾರ್ಮು ಹೋಯಿತು. ಹನ್ನೊಂದನೇ ದಿನ ಇಟಲಿಯಿಂದ ಉತ್ತರ ಬಂತು. ನಿಮ್ಮಷ್ಟು ಸ್ಪಷ್ಟವಾಗಿ ಯಾರೂ ಬರೆದಿಲ್ಲ. ಆದರೆ ಗೊತ್ತಿಲ್ಲದ ಕಡೆ ನಮ್ಮ ಸರಕಾರ ತಾನೇ ಹಿಡಿಯುವ ದೊಡ್ಡ ಅಂಕಿಗೆ ಸುಂಕ ತೆತ್ತರೆ ನಮಗೆ ಗಿಟ್ಟುವುದಿಲ್ಲ. ಯುರೋಪಿನೊಳಗೇ ಇರುವ ಪೋಲಂಡಿನ ಕಾರ್ಖಾನೆಯೊಂದರ ಜೊತೆ ಮೂರು ವರ್ಷದ ಕರಾರು ಮಾಡಿಕೊಂಡಿದ್ದೇವೆ.

ಮಾರ್ಚ್ ಮುಗಿಯುವಷ್ಟರಲ್ಲಿ ಮೂರು ಮಷೀನು ನಿಂತವು, ಏಳು ಜನರಿಗೆ ಬರಬೇಡಿ ಎಂದು ಹೇಳಲಾಯಿತು. ಅವರಲ್ಲಿ ಭೀಮವ್ವ ಒಬ್ಬಳು. ಇಂಡಿ ತಾಲ್ಲೂಕಿನವಳು, ಹದಿನಾರು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಬೋಲ್ಟುಗಳ ಹಲ್ಲು ಪರೀಕ್ಷಿಸಿದವಳು. ಅವಳು ತಿರಸ್ಕರಿಸಿದ ಬೋಲ್ಟನ್ನು ರಾಘಣ್ಣನೂ ಮತ್ತೆ ಕೈಗೆತ್ತಿ ನೋಡುತ್ತಿರಲಿಲ್ಲ. ಹೋಗುವಾಗ ಅವಳು ಮಲಕಪ್ಪನವರ ಮೇಜಿನ ಕಡೆ ತಿರುಗಲಿಲ್ಲ. ಊಟದ ಹೊತ್ತಿನಲ್ಲಿ ಯಾರೋ ಹಿಂದಿನಿಂದ "ಏಕ್ ಸಹೀ ಕೇಲೀ ಅಸ್ತೀ ತರ್..." ಎಂದರು. ಒಂದು ಸಹಿ ಹಾಕಿದ್ದರೆ! ಮಲಕಪ್ಪ ಡಬ್ಬಿ ಮುಚ್ಚಿ ಎದ್ದರು. ಆ ವರ್ಷ ಎಷ್ಟೋ ಸಲ ಅವರಿಗೂ ಅದೇ ಮಾತು ಒಳಗೇ ಕೇಳಿಸಿತು.

ಅಕ್ಟೋಬರಿನಲ್ಲಿ ಯುರೋಪಿನವರು ನಿಯಮ ತಿದ್ದಿದರು. ವರ್ಷಕ್ಕೆ ಐವತ್ತು ಟನ್ನಿಗಿಂತ ಕಡಿಮೆ ತರಿಸಿಕೊಳ್ಳುವ ಸಣ್ಣ ವ್ಯಾಪಾರಿಗಳಿಗೆ ಈ ಯಾವ ಕಾಗದವೂ ಬೇಡ, ಸುಂಕವೂ ಇಲ್ಲ. ಇಟಲಿಯವನು ಹೊರದೇಶದಿಂದ ತರಿಸುತ್ತಿದ್ದುದು ಇವರ ಬೋಲ್ಟುಗಳನ್ನಷ್ಟೇ, ವರ್ಷಕ್ಕೆ ಮೂವತ್ತೆಂಟು ಟನ್ನು. ಮಲಕಪ್ಪ ಆ ಪುಟವನ್ನು ಮೂರು ಸಲ ಓದಿ, ಪ್ರಿಂಟು ತೆಗೆದು ರಾಘಣ್ಣನ ಮುಂದಿಟ್ಟರು.

"ಅಂದ್ರ ನೀ ತಿಂಗಳಗಟ್ಲೆ ತಿರಗ್ಯಾಡಿದ್ದು?"

"ಬೇಕಾಗಿರ್ಲಿಲ್ರಿ."

ರಾಘಣ್ಣ ನಕ್ಕರು, ಸದ್ದಿಲ್ಲದೆ. ಅಂದೇ ಇಟಲಿಗೆ ಬರೆದರು. ಕರಾರು ೨೦೨೮ರ ತನಕ ಇದೆ, ಕ್ಷಮಿಸಿ ಎಂದು ಉತ್ತರ ಬಂತು.

ಗುರುವಾರ ಭೋಸರಿಯಲ್ಲಿ ವಾರದ ರಜೆ. ಮಲಕಪ್ಪ ಎರಡು ಬಸ್ಸು ಬದಲಿಸಿ ಮಗರಪಟ್ಟಾಕ್ಕೆ ಹೋದರು. ಭೀಮವ್ವ ಅಲ್ಲಿನ ಐಟಿ ಕಚೇರಿಯೊಂದರಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ್ದಳು. ಊಟದ ಬಿಡುವಿನಲ್ಲಿ ಗೇಟಿನ ಹೊರಗೆ ಬಂದಳು.

"ಅಣ್ಣಾರ, ಇಷ್ಟ ದೂರ ಬಂದ್ರಿ?"

ಅವರು ಎಲ್ಲ ಹೇಳಿದರು. ಅವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಕೇಳಿದಳು.

"ಅಂದ್ರ ಕಡೀಗೆ ಆ ಕಾಗದಾನೂ ಬೇಕಾಗಿರ್ಲಿಲ್ಲ, ಆ ಸೈನೂ ಬೇಕಾಗಿರ್ಲಿಲ್ಲ?"

"ಹೂಂ. ಅವ್ರು ಏಳ ತಿಂಗಳ ತಡದಿದ್ರ ಸಾಕಾಗಿತ್ತ."

"ನನಗ ನಿಮ್ಮ ಮ್ಯಾಲ ಭಾಳ ಸಿಟ್ಟಿತ್ರಿ. ಸುಳ್ಳ ಯಾಕ ಹೇಳ್ಲಿ."

"ಈಗ?"

"ಈಗ ಕಾಲ ನೋಯ್ತಾವ್ರಿ. ಇಲ್ಲಿ ಕುಂಡ್ರಾಕ ಕೊಡಂಗಿಲ್ಲ. ಸಿಟ್ಟ ಮಾಡಾಕ ಪುರಸತ್ತ ಎಲ್ಲೈತಿ?" ಎಂದು ಅವಳು ಡಬ್ಬಿ ಬಿಚ್ಚಿದಳು. ಅರ್ಧ ರೊಟ್ಟಿ ಮುರಿದು ಅವರಿಗೂ ಕೊಟ್ಟಳು. ಇಬ್ಬರೂ ಕಟ್ಟೆಯ ಮೇಲೇ ಕೂತು ತಿಂದರು.

ಜನವರಿಯಲ್ಲಿ ಕೊಲ್ಹಾಪುರದ ಪಂಪಿನ ಕಾರ್ಖಾನೆಯೊಂದರಿಂದ ಸಣ್ಣ ಆರ್ಡರು ಬಂದು ಒಂದು ಮಷೀನು ಮತ್ತೆ ತಿರುಗಿತು. ಮಲಕಪ್ಪ ರಾಘಣ್ಣನನ್ನು ಒಪ್ಪಿಸಿ ಭೀಮವ್ವನಿಗೆ ಫೋನು ಮಾಡಿದರು. ಆರ್ಡರು ಎಷ್ಟು ತಿಂಗಳು ನಿಲ್ಲುತ್ತದೆ ಎಂದು ಅವಳು ಕೇಳಿದಳು. ಅದು ಗೊತ್ತಿಲ್ಲವೆಂದೇ ಅವರು ಹೇಳಿದರು. ಎರಡು ದಿನ ಯೋಚಿಸಿ ಅವಳು ಬರುವುದಿಲ್ಲವೆಂದಳು. ಅಲ್ಲಿ ಕೆಲಸ ಕಾಯಂ ಮಾಡುತ್ತೇವೆ ಎಂದಿದ್ದರಂತೆ. ಅವಳ ಜಾಗಕ್ಕೆ ಬಂದ ಹೆಂಗಸು ಇನ್ನೂ ಕಲಿಯುತ್ತಿದ್ದಾಳೆ.

ಈ ಮೇ ತಿಂಗಳಿಗೆ ಮಲಕಪ್ಪನವರಿಗೆ ಅರವತ್ತು, ನಿವೃತ್ತಿಯ ವಯಸ್ಸು. ಇನ್ನೊಂದು ವರ್ಷ ಇರು ಎಂದು ರಾಘಣ್ಣ ಕೇಳಿದರು. ಜರ್ಮನಿಯ ಗಿರಾಕಿಯೊಬ್ಬ ನಲವತ್ತೊಂದು ಕಾಲಮ್ಮಿನ ಬೇರೊಂದು ಫಾರ್ಮು ಕಳಿಸಿದ್ದ, ಅದನ್ನು ತುಂಬಬಲ್ಲವರು ಬೇರೆ ಯಾರೂ ಇರಲಿಲ್ಲ. ಮನೆಗೆ ಬಂದು ಹೆಂಡತಿ ಸಾವಂತ್ರವ್ವನಿಗೆ ಒಪ್ಪಿಕೊಂಡೆ ಎಂದು ಹೇಳಿದರು.

"ನಿಮಗ ಬ್ಯಾಸರ ಬರಂಗಿಲ್ಲೇನ?"

"ಬಂದೈತಿ," ಎಂದು ಅವರು ಚಪ್ಪಲಿ ಬಿಟ್ಟು, ಕೈಕಾಲು ತೊಳೆಯಲು ಒಳಗೆ ಹೋದರು.