ಮಲಗದ ಹಸು, ಕೂರದ ಮನುಷ್ಯ

ಅವರ ಅಂಗಿ ಜೇಬಿನಿಂದ ಸದಾ ಒಂದು ಕೆಂಪು ದಾರ ಇಳಿಬಿದ್ದಿರುತ್ತಿತ್ತು. ದಾರದ ಇನ್ನೊಂದು ತುದಿಗೆ ದನಗಳ ಜ್ವರ ನೋಡುವ ದಪ್ಪ ಥರ್ಮಾಮೀಟರು. ದಾರ ಯಾಕೆ ಎಂದವರಿಗೆ, ಹಿಂದಿನಿಂದ ಒಳಗೆ ಹೋದದ್ದು ಈಚೆಗೂ ಬರಬೇಕಲ್ಲಪ್ಪ ಎನ್ನುತ್ತಿದ್ದರು. ಗುಬ್ಬಿ ಸುತ್ತಿನ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ದನದಾಸ್ಪತ್ರೆಯ ಕಾಂಪೌಂಡರ್ ಅವರು.

ಕೂರುವುದು ಅವರ ಜಾತಕದಲ್ಲೇ ಇರಲಿಲ್ಲ. ಟೀ ಕೊಟ್ಟರೆ ನಿಂತೇ ಕುಡಿಯುತ್ತಿದ್ದರು. ಥರ್ಮಾಮೀಟರು ಇಟ್ಟ ಎರಡು ನಿಮಿಷದಲ್ಲಿ ಕೊಟ್ಟಿಗೆಯನ್ನು ನಾಲ್ಕು ಸುತ್ತು ಹಾಕಿ, ಸರಿಯಾಗಿಯೇ ಇದ್ದ ಹಗ್ಗದ ಗಂಟು ಬಿಚ್ಚಿ ಮತ್ತೆ ಕಟ್ಟಿ, ಬಾನಿಯ ನೀರಿಗೆ ಕೈ ಅದ್ದಿ ನೋಡುವರು. ನೋಡುವ ನಮಗೇ ತಲೆ ಸುತ್ತುತ್ತಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರು ಎಂದು ಅವ್ವ ನಗುತ್ತಿದ್ದಳು.

ಎಪ್ಪತ್ತರ ದಶಕದ ಕೊನೆ. ಅಪ್ಪ ತೀರಿಕೊಂಡಿದ್ದರು. ನಾನು ಗೂಳೂರಿನಲ್ಲಿ ಹೊಸ ಮೇಷ್ಟ್ರು. ಬೆಳಿಗ್ಗೆ ಬಸ್ಸು ಹಿಡಿದರೆ ಮನೆ ಸೇರುವುದು ಸಂಜೆಗೆ. ಹಿಂದಿನ ವರ್ಷ ನಮ್ಮ ಹಸು ಕರು ಹಾಕಿದ ಮಾರನೆಯ ದಿನ ಮಲಗಿದ್ದು ಏಳಲೇ ಇಲ್ಲ. ಆಮೇಲೆ ತಂದ ಸೀಮೆಹಸುವನ್ನು ಅವ್ವ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಅದು ಕರು ಹಾಕಿ ಎರಡು ವಾರವಾಗಿತ್ತು. ಹಾಕಿದ ಮೇವನ್ನೆಲ್ಲ ಮುಕ್ಕುತ್ತಿತ್ತು, ಆದರೆ ಪಕ್ಕೆಲುಬು ಎಣಿಸಬಹುದಾಗಿತ್ತು. ಆಮೇಲೆ ಬೇಸಿಗೆ ಬಿಸಿಲಲ್ಲಿ ನಿಂತು ಗಡಗಡ ನಡುಗತೊಡಗಿತು. ಅಂದು ಭಾನುವಾರ. ನಾನೇ ಹೋಗಿ ಕಾಂಪೌಂಡರನ್ನು ಕರೆತಂದೆ.

ಜ್ವರವಿರಲಿಲ್ಲ. ಮೈಕಾವು ಇರಬೇಕಾದ್ದಕ್ಕಿಂತ ಕೆಳಗಿಳಿದಿತ್ತು. ಎರಡನೇ ಸಲವೂ ಅಷ್ಟೇ. ಅವರು ಎಂದಿನಂತೆ ಸುತ್ತು ಹಾಕುತ್ತಿದ್ದವರು ಥಟ್ಟನೆ ನಿಂತು, ಬಗ್ಗಿ ಹಸುವಿನ ಹೊಟ್ಟೆ, ತೊಡೆ ಸವರಿದರು. ಒಂದು ಚೂರು ಸಗಣಿ ಅಂಟಿಲ್ಲವಲ್ಲ ಎಂದರು. ಅವ್ವ ಅಷ್ಟು ಚೊಕ್ಕಟವಾಗಿ ಇಟ್ಟಿದ್ದಾಳೆ ಎಂದು ನಾನು ಜಂಬದಿಂದಲೇ ಹೇಳಿದೆ.

"ಮಲಗಿ ಎದ್ದ ಹಸು ಇಷ್ಟು ಕ್ಲೀನಾಗಿರಲ್ಲ ಕಣಪ್ಪ. ಇದನ್ನ ಮಲಗಕ್ಕೇ ಬಿಟ್ಟಿಲ್ಲ ನೀವು."

ಅವ್ವ ತಲೆ ತಗ್ಗಿಸಿದಳು. ಬಾಣಂತಿ ಹಸು ನೆಲ ಹಿಡಿಯಬಾರದು ಎಂದು ಯಾರೋ ಹೇಳಿದ್ದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಅದು ಮಂಡಿ ಮಡಚಿದರೆ ಸಾಕು, ಬಾಲ ತಿರುವಿ ಎಬ್ಬಿಸುತ್ತಿದ್ದಳು. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ಇವಳು ತೂಕಡಿಸಿದಾಗ ಅದಕ್ಕೆ ಸಿಕ್ಕಿದ್ದಷ್ಟೇ ನಿದ್ದೆ.

ಅವರು ಬೈಯಲಿಲ್ಲ. ರಾತ್ರಿಯೆಲ್ಲ ಗಾಡಿ ಎಳೆದು ಸಂತೆಗೆ ಬಂದ ಎತ್ತುಗಳು ಬೆಳಗಿನ ಬಿಸಿಲಲ್ಲೂ ನಡುಗುವುದನ್ನು ತಾವು ಕಂಡಿರುವುದಾಗಿ ಹೇಳಿದರು. "ನಿದ್ದೆಗೆಟ್ಟ ಮೈಗೆ ಕಾವು ಹಿಡ್ಕೊಳಕ್ಕೆ ಬರಲ್ಲ ತಾಯಿ. ಎಷ್ಟು ತಿಂದ್ರೂ ಮೈಗೆ ಹತ್ತಲ್ಲ."

ಹೇಳುತ್ತಿದ್ದವರು ಅವ್ವನನ್ನೇ ದಿಟ್ಟಿಸಿದರು. ಅಂಥ ಬಿಸಿಲಲ್ಲಿ ಅವಳು ಅಪ್ಪನ ಹಳೆಯ ಶಾಲು ಹೊದ್ದು ನಿಂತಿದ್ದಳು. ಅದು ನನ್ನ ಕಣ್ಣಿಗೆ ಬಿದ್ದದ್ದು ಆಗಲೇ.

"ನೀವು ಮಲಗಿದ್ರಾ?" ಎಂದು ಕೇಳಿದರು.

ಅವ್ವ ಹಸುವಿನ ಕಡೆ ತಿರುಗಿದಳು. "ಬುಟ್ಬುಟ್ರೆ ಮಲಗಿದ್ದು ಏಳ್ದೆ ಹೋದ್ರೆ ಏನ್ ಮಾಡ್ಲಿ?" ಎಂದಳು.

"ನಾನು ಕೂತಿರ್ತೀನಿ. ನೀವು ಒಳಕ್ಕೆ ಹೋಗಿ."

ಒಣಹುಲ್ಲು ಹರಡಿ, ಹಗ್ಗ ಸಡಿಲಿಸಿ, ಮಂಕರಿ ಬುಟ್ಟಿಯೊಂದನ್ನು ಬೋರಲು ಹಾಕಿ ಅವರು ಕೂತೇ ಬಿಟ್ಟರು. ಮಂಡಿ ಕುಣಿಯುತ್ತಿತ್ತು, ಬೆರಳು ಹುಲ್ಲುಕಡ್ಡಿ ಮುರಿಯುತ್ತಿತ್ತು, ಆದರೆ ಏಳಲಿಲ್ಲ. ಹಸು ಬಹಳ ಹೊತ್ತು ಅನುಮಾನಿಸಿ ಕೊನೆಗೆ ಮಲಗಿ, ಕತ್ತು ಹಿಂದಕ್ಕೆ ತಿರುಗಿಸಿ ಪಕ್ಕೆಯ ಮೇಲಿಟ್ಟಿತು. ಒಳಗೆ ಅವ್ವನ ಗೊರಕೆ ಕೇಳಿಸಿತು. ನಾನು ನಿಮಿಷಕ್ಕೊಮ್ಮೆ ಹಸುವಿನ ಉಸಿರು ನೋಡುತ್ತಿದ್ದೆ. ದನ ಮನೆಗೆ ಬರುವ ಹೊತ್ತಿಗೆ ಅದು ತಾನಾಗಿಯೇ ಎದ್ದು ನಿಂತಿತು. ನಾಲ್ಕು ದಿನದಲ್ಲಿ ನಡುಕವೂ ನಿಂತಿತು.

ಆಮೇಲೆ ಅವರಿಗೆ ಮಾರ್ಕೋನಹಳ್ಳಿ ಕಡೆಗೆ ವರ್ಗವಾಯಿತು. ಎಂಬತ್ತರ ದಶಕದ ನಡುವೆ ಅಲ್ಲೇ ತೀರಿಕೊಂಡರು. ನನಗೆ ಸುದ್ದಿ ತಿಳಿದದ್ದು ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ, ಮಣ್ಣಾಗಿ ವಾರದ ಮೇಲೆ. ಮನೆಗೆ ಬಂದು ಹೇಳಿದಾಗ ಅವ್ವ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

"ಮಲಗಿದ್ರಾ ಅಂತ ನನ್ನ ಕೇಳಿದ್ದು ಅವ್ರೊಬ್ರೇ ಕಣೋ," ಎಂದಳು.

ನನ್ನನ್ನು ಚುಚ್ಚಲು ಆಡಿದ ಮಾತಲ್ಲ ಅದು. ಆ ಎರಡು ವಾರ ಅದೇ ಮನೆಯಲ್ಲಿ ನಾನು ಕಾಲು ಚಾಚಿ ಮಲಗಿದ್ದೆ. ಬೆಳಿಗ್ಗೆ ಎದ್ದು ಅವಳನ್ನು ನಾನು ಕೇಳುತ್ತಿದ್ದುದು, ಹಾಲೆಷ್ಟಾಯಿತು ಎಂದು.